ಅಳತೆಯ ಕಂಪು

ನವಲಗುಂದದ ಎರೆಹೊಲದಲ್ಲಿ ಕಡಲೆ ಕಾಯಿ ಕಟ್ಟಿದ ಕಾಲ. ನಮ್ಮ ಕಾಕಾ ಗೂಟಕ್ಕೆ ಕಟ್ಟಿದ್ದ ಮೋಹಕ ಬಲೆಯನ್ನು ತೋರಿಸಿ, “ಎಂಟು ದಿನಾ ಆತು ತಮ್ಮಾ, ಒಂದ ಪತಂಗಾನೂ ಬಿದ್ದಿಲ್ಲ. ಈ ವರ್ಷ ಹುಳದ ಕಾಟ ಇಲ್ಲ ಬಿಡು” ಎಂದರು. ಅವರ ಕಾಲ ಬಳಿಯ ಗಿಡದಲ್ಲಿಯೇ ಹಸಿರು ಹುಳುವೊಂದು ತಲೆಯನ್ನು ಕಾಯಿಯೊಳಗೆ ತೂರಿ, ಮೈಯನ್ನು ಹೊರಗಿಟ್ಟು, ನಿಶ್ಚಿಂತೆಯಿಂದ ಉಣ್ಣುತ್ತಿತ್ತು!

ಬಲೆಯಲ್ಲಿ ತೂಗಿದ್ದ ರಬ್ಬರಿನ ಬಿಲ್ಲೆ ಹತ್ತಿಯ ಗುಲಾಬಿ ಕಾಯಿಕೊರಕದ್ದೆಂದು ಆಮೇಲೆ ತಿಳಿಯಿತು. ಬಲೆ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಅಣ್ಣಿಗೇರಿಯ ನಂಟಿನ ಪಂಪನಿಂದ ಹಿಡಿದು ನಮ್ಮ ಕವಿಗಳು ಕಂಪೆಂದೊಡನೆ ದುಂಬಿಯನ್ನು ನೆನೆದರು. ಇರುಳಿನ ಪತಂಗಕ್ಕೆ ದೀಪವನ್ನಷ್ಟೇ ಕೊಟ್ಟರು. ಅದಕ್ಕೂ ಒಂದು ಕಂಪುಂಟು. ಗಂಡನ್ನು ಕರೆಯಲು ಹೆಣ್ಣು ಸೂಸುವ ಇಂಥ ಕಂಪನ್ನು ಮೊತ್ತಮೊದಲು ಬೇರ್ಪಡಿಸಿ ಗುರುತಿಸಿದವರು ಜರ್ಮನಿಯ ಬುಟೆನಾಂಟ್ ಮತ್ತು ಸಂಗಡಿಗರು, 1959ರಲ್ಲಿ. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ರೇಷ್ಮೆಪತಂಗಗಳು ಬೇಕಾದುವು.

ಜಾತಿಗೊಂದು ಕಂಪು ಎಂದುಕೊಂಡರೆ ಲೆಕ್ಕ ಸುಲಭ. ನಿಜಸ್ಥಿತಿ ಅದಕ್ಕಿಂತ ಸೋಜಿಗದ್ದು. ಕಡಲೆಯ ಕಾಯಿಕೊರಕದ ಹೆಣ್ಣು ಹೊಟ್ಟೆಯ ತುದಿಯ ಗ್ರಂಥಿಯಿಂದ ಸೂಸುವ ದ್ರವ್ಯಗಳಲ್ಲಿ ಮುಖ್ಯವಾದವು ಎರಡು. ಎರಡೂ 16 ಇಂಗಾಲದ ಸರಪಳಿಗಳೇ. ಜೋಡಿಬಂಧವು ಒಂದರಲ್ಲಿ 11ನೆಯ, ಇನ್ನೊಂದರಲ್ಲಿ 9ನೆಯ ಪರಮಾಣುವಿನಲ್ಲಿದೆ, ಭೇದ ಇಷ್ಟೇ. ಮೊದಲನೆಯದು ಸುಮಾರು 97 ಪಾಲು, ಎರಡನೆಯದು 3 ಪಾಲು. ಆ ಮೂರು ಪಾಲನ್ನು ತೆಗೆದರೆ ಕಂಪು ಸೊರಗುತ್ತದೆ. ಅದನ್ನೇ ಬೆಳೆಸುತ್ತ ಹೋದರೂ ಗಂಡುಗಳು ದೂರವಾಗುತ್ತವೆ.

ಇದರ ದಾಯಾದಿ ಹೆಲಿಕೋವರ್ಪ ಅಸಲ್ಟ, ತಂಬಾಕು ಮೆಣಸಿನಕಾಯಿಗಳ ಒಕ್ಕಲು. ಅದು ಸೂಸುವುದೂ ಇವೇ ಎರಡು ದ್ರವ್ಯಗಳನ್ನು. ಆದರೆ ಪ್ರಮಾಣ ತಲೆಕೆಳಗು! ಕುಂದಗೋಳದ ಕಡೆ ಬೆಳೆಯುವಂಥ ಮೆಣಸಿನ ಹೊಲದಲ್ಲಿ ಎರಡೂ ಇಳಿಯಬಲ್ಲವು. ಪ್ರಯೋಗಶಾಲೆಯಲ್ಲಿ ಕೂಡಿಟ್ಟರೆ ಇವುಗಳಿಗೆ ಮಿಶ್ರಸಂತಾನ ಹುಟ್ಟುವುದೂ ಉಂಟು. ಬಯಲಿನ ಕತ್ತಲೆಯಲ್ಲಿ ಅವನ್ನು ಅಗಲಿಸಿ ಇಟ್ಟಿರುವುದರಲ್ಲಿ ಈ ಅಳತೆಯ ಪಾಲು ದೊಡ್ಡದು. ಯುರೋಪಿನ ಮೆಕ್ಕೆಜೋಳದ ಕೊರಕದಲ್ಲಂತೂ ಒಂದೇ ಜಾತಿಯೊಳಗೆ ಹೀಗೆ ತಿರುವುಮುರುವಾದ ಪ್ರಮಾಣದ ಎರಡು ಬಣಗಳಿವೆ.

ಅಳತೆಯೆಂದರೆ ಅಕ್ಕಸಾಲಿಗನ ತಕ್ಕಡಿಯಲ್ಲ. ಹೆಣ್ಣಿನಿಂದ ಹೆಣ್ಣಿಗೆ ಪ್ರಮಾಣ ತುಸು ಹೆಚ್ಚುಕಡಿಮೆಯಾಗುತ್ತದೆ. ಗಂಡಿನ ಮೀಸೆಗೂ ತುಸು ಸೈರಣೆಯಿದೆ. ಆದರೆ ಗುಲಾಬಿ ಕಾಯಿಕೊರಕದ ಕಂಪು ಬೇರೆಯೇ ಒಂದು ಜೋಡಿ. ಅದರಲ್ಲಿ ಪಾಲುಗಳು ಹೆಚ್ಚುಕಡಿಮೆ ಸಮಸಮ. ಕಡಲೆಯ ಪತಂಗ ಅತ್ತ ಸುಳಿಯದಿದ್ದುದು ಸಹಜವೇ.

ಬಿಲ್ಲೆ ಬದಲಾಯಿಸಿದ ಮೂರನೆಯ ಬೆಳಗು ಕಾಕಾ ಚೀಲ ಬಿಚ್ಚಿದರು. ಹಿಡಿತುಂಬ ಪತಂಗಗಳು, ಎಲ್ಲವೂ ಗಂಡು. ಆ ವೇಳೆಗೆ ಬದುವಿನ ಕಡೆಯ ಸಾಲುಗಳಲ್ಲಿ ಕಾಯಿಗಳು ತೂತುಬಿದ್ದು ಪೊಳ್ಳಾಗಿದ್ದುವು.