ಡಿಮ್ ಹಾಕಿದ್ದೆ, ಆದರೂ ಅವರು ಬಿದ್ದರು

ನಮ್ಮ ವೇಣೂರಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2024ರ ಫೆಬ್ರವರಿಯಲ್ಲಿ ನಡೆದಾಗ ಊರಿಗೆ ಊರೇ ಬೆಳಗಿತ್ತು. ಉಳಿದ ದಿನಗಳಲ್ಲಿ ರಾತ್ರಿ ಎಂಟರ ಮೇಲೆ ಮೂಡುಬಿದಿರೆ ಕಡೆಗೋ ಗುರುವಾಯನಕೆರೆ ಕಡೆಗೋ ಹೊರಟರೆ ದಾರಿ ತೋರಿಸಲು ಇರುವುದು ಕಾರಿನ ಎರಡು ಲೈಟ್ ಮಾತ್ರ. ತಿರುವಿನ ಮೇಲೆ ತಿರುವು, ಎರಡೂ ಬದಿ ಮರ, ಡಾಮರಿನ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದು ಗೊತ್ತಾಗುವುದಿಲ್ಲ.

ನಮ್ಮದು ಹಳೆಯ ವ್ಯಾಗನ್ ಆರ್. ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಎಡಗಡೆಯ ಹೆಡ್‌ಲೈಟ್ ಮಂಕಾಗಿತ್ತು. ಅಪ್ಪನಿಗೆ ಯಕ್ಷಗಾನದ ಹುಚ್ಚು. ನವೆಂಬರ್ ಬಂತೆಂದರೆ ಎಲ್ಲಿ ಆಟ ಇದ್ದರೂ ಹೊರಡುವವರು, ಆ ಸಲ "ನನ್ನ ಕಣ್ಣೇ ಹೋಯಿತಾ, ಲೈಟೇ ಹೋಯಿತಾ ಗೊತ್ತಾಗುವುದಿಲ್ಲ" ಎಂದು ಮನೆಯಲ್ಲೇ ಕುಳಿತರು. ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಗ ಇರುವಾಗ ಲೈಟಿನ ಸಮಸ್ಯೆಗೆ ಹೊರಗಿನವರು ಯಾಕೆ? ನಾನು ಐದನೇ ಸೆಮಿಸ್ಟರಿನ ಬಿಇ ವಿದ್ಯಾರ್ಥಿ. ಆನ್‌ಲೈನಿನಲ್ಲಿ ಸಾವಿರದ ಎಂಟುನೂರು ರೂಪಾಯಿಗೆ ಒಂದು ಜೋಡಿ ಎಲ್‌ಇಡಿ ಬಲ್ಬ್ ತರಿಸಿದೆ. ಡಬ್ಬದ ಮೇಲೆ ಲುಮೆನ್ ಲೆಕ್ಕವೇ ಸಾವಿರಗಟ್ಟಲೆ ಇತ್ತು. ಅರ್ಧ ಗಂಟೆಯಲ್ಲಿ ನಾನೇ ಹಾಕಿದೆ. ಸ್ವಿಚ್ ಒತ್ತಿದರೆ ಅಂಗಳದ ಅಡಿಕೆ ಮರದ ತುದಿಯವರೆಗೆ ಹಾಲು ಚೆಲ್ಲಿದ ಹಾಗೆ ಬೆಳಕು! ಅಪ್ಪ ಖುಷಿಯಾದರು. ಮರದ ತುದಿಗೆ ಬೆಳಕು ಯಾಕೆ ಹೋಗಬೇಕು ಎಂದು ಇಬ್ಬರೂ ಯೋಚಿಸಲಿಲ್ಲ.

ಮೊದಲ ವಾರದಲ್ಲೇ ಎದುರಿನ ವಾಹನಗಳು ನಮಗೆ ಡಿಮ್-ಡಿಪ್ ಮಾಡತೊಡಗಿದವು. ನಾನು ಡಿಮ್‌ನಲ್ಲೇ ಇದ್ದೆ. "ನಮ್ಮ ಲೈಟ್ ನೋಡಿ ಹೊಟ್ಟೆಕಿಚ್ಚು" ಎಂದು ನಕ್ಕೆ.

ಎರಡನೇ ವಾರ ಆಟ ಮುಗಿಸಿಕೊಂಡು ಮೂಡುಬಿದಿರೆ ಕಡೆಯಿಂದ ಮನೆಗೆ ಬರುತ್ತಿದ್ದೆವು. ಪೆರಿಂಜೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿನಿಂದ ಸ್ಕೂಟರ್ ಬಂತು. ಸವಾರ ಒಂದು ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದದ್ದು ಕಂಡಿತು. ಮರುಕ್ಷಣ ಸ್ಕೂಟರ್ ಡಾಮರಿನಿಂದ ಮಣ್ಣಿಗೆ ಇಳಿದು ಮಗುಚಿತು. ಐವತ್ತು ದಾಟಿದ ಗಂಡ, ಹೆಂಡತಿ. ಮಗಳ ಮನೆಯಿಂದ ಬರುತ್ತಿದ್ದರಂತೆ. ಚೀಲದಲ್ಲಿದ್ದ ಬಸಳೆ, ಬಾಳೆಕಾಯಿ ರಸ್ತೆ ಮೇಲೆ ಹರಡಿಬಿದ್ದಿತ್ತು. ಅವರ ಮೊಣಕೈ ತರಚಿ ರಕ್ತ ಬರುತ್ತಿತ್ತು, ಅವರ ಹೆಂಡತಿ ನಡುಗುತ್ತ ನಿಂತಿದ್ದರು. ಹೆಚ್ಚಿನದೇನೂ ಆಗಿರಲಿಲ್ಲ. ಆದರೆ ಚರಂಡಿಯ ಅಂಚಿನ ಕಲ್ಲು ಅವರ ತಲೆಯಿಂದ ಒಂದು ಗೇಣು ದೂರವೂ ಇರಲಿಲ್ಲ.

ಅವರು ಬಯ್ಯಲಿಲ್ಲ. "ನಿಮ್ಮ ಲೈಟಿಗೆ ರಸ್ತೆಯೇ ಕಾಣಲಿಲ್ಲ ಮಾರಾಯ್ರೆ. ಎಲ್ಲ ಬಿಳಿ ಆಯಿತು" ಎಂದರು ಅಷ್ಟೇ. ಬಯ್ದಿದ್ದರೆ ಒಳ್ಳೆಯದಿತ್ತು.

ಅವರಿಗೆ ಮುಲಾಮು, ಇಂಜೆಕ್ಷನ್ ಎಲ್ಲ ಮಾಡಿಸಿ ಮನೆ ಮುಟ್ಟಿಸಿ ವಾಪಸ್ ಬರುವಾಗ ಅಪ್ಪ ಕೇಳಿದರು, "ನೀನು ಡಿಮ್ ಹಾಕಲಿಲ್ಲವಾ?"

"ಹಾಕಿದ್ದೆ ಅಪ್ಪ."

ಅವರು ಮತ್ತೆ ಮಾತಾಡಲಿಲ್ಲ. ನಂಬಿದರೋ ಇಲ್ಲವೋ, ಗೊತ್ತಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿಮ್ ಹಾಕಿದ್ದು ನಿಜ. ಹಾಗಾದರೆ ತಪ್ಪಿದ್ದು ಎಲ್ಲಿ?

ಉತ್ತರ ಪಿಯುಸಿ ಗಣಿತದಲ್ಲೇ ಇತ್ತು. ಪ್ಯಾರಾಬೋಲಾದ ನಾಭಿಯಿಂದ ಹೊರಟ ಕಿರಣಗಳು ಪ್ರತಿಫಲಿಸಿ ಸಮಾನಾಂತರವಾಗಿ ಹೋಗುತ್ತವೆ ಎಂದು ಬಾಯಿಪಾಠ ಮಾಡಿ ಅಂಕ ತೆಗೆದವರು ನಾವೆಲ್ಲ. ಹೆಡ್‌ಲೈಟಿನ ರಿಫ್ಲೆಕ್ಟರ್ ಅದೇ ಲೆಕ್ಕದ ಮೇಲೆ ನಿಂತಿದೆ. (ಈಗಿನವುಗಳ ಆಕಾರ ಶುದ್ಧ ಪ್ಯಾರಾಬೋಲಾ ಅಲ್ಲ, ತತ್ವ ಅದೇ.) ನಮ್ಮ ಕಾರಿನದು ಎಚ್4 ಬಲ್ಬ್. ಯುರೋಪಿನಲ್ಲಿ 1971ರಲ್ಲಿ ಬಂದ ಮಾದರಿ. ಒಂದೇ ಗಾಜಿನೊಳಗೆ ಎರಡು ತಂತಿ, ಬ್ರೈಟಿಗೆ 60 ವ್ಯಾಟ್, ಡಿಮ್‌ಗೆ 55. ಬ್ರೈಟಿನ ತಂತಿ ನಾಭಿಯಲ್ಲಿ ಕೂರುತ್ತದೆ, ಬೆಳಕು ನೇರ ದೂರಕ್ಕೆ ಹೋಗುತ್ತದೆ. ಡಿಮ್‌ನ ತಂತಿ ನಾಭಿಗಿಂತ ತುಸು ಮುಂದೆ ಇದೆ, ಅದರ ಕೆಳಗೆ ಪುಟ್ಟ ಲೋಹದ ತಟ್ಟೆ. ತಟ್ಟೆ ಅಡ್ಡ ಇರುವುದರಿಂದ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ತಾಗಿ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಎದುರಿನವರ ಕಣ್ಣು ಉಳಿಸುವುದು ಉಗುರಿನಷ್ಟು ದೊಡ್ಡ ಆ ತಟ್ಟೆ.

ನಾನು ತರಿಸಿದ ಎಲ್‌ಇಡಿಯಲ್ಲಿ ತಂತಿ ಇರುವ ಜಾಗದಲ್ಲಿ ಒಂದು ಪಟ್ಟಿ, ಅದರ ಎರಡೂ ಬದಿಗೆ ಚಿಪ್‌ಗಳು. ತಂತಿಯ ಜಾಗಕ್ಕೂ ಚಿಪ್‌ನ ಜಾಗಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ. ಬಲ್ಬಿನ ಬಳಿ ಒಂದೆರಡು ಮಿಲಿಮೀಟರ್ ಎಂದರೆ ರಸ್ತೆಯಲ್ಲಿ ಎಷ್ಟೋ ಅಡಿ. ಡಿಮ್ ಹಾಕಿದರೂ ಬೆಳಕು ಚದುರಿ ಮೇಲಕ್ಕೇ ಹೋಗುತ್ತಿತ್ತು. ಕಂಪನಿಯಿಂದಲೇ ಎಲ್‌ಇಡಿ ಲೈಟ್ ಬರುವ ಕಾರುಗಳ ಮಾತು ಬೇರೆ, ಅಲ್ಲಿ ರಿಫ್ಲೆಕ್ಟರೋ ಲೆನ್ಸೋ ಎಲ್‌ಇಡಿಗೆಂದೇ ಮಾಡಿದ್ದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದನ್ನು ಆಮೇಲೆ ಓದಿದೆ. ಎಂಟು ಮೀಟರ್ ದೂರದಲ್ಲಿ, ದೀಪದ ಬಲಕ್ಕೆ ಅರ್ಧ ಮೀಟರ್ ಸರಿದು, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕೋರೈಸದ ಹಾಗೆ ಬೆಳಕು ಕೆಳಗಿಳಿಯಬೇಕು ಎನ್ನುತ್ತದೆ ಅದು. ಹೆಚ್ಚುಕಡಿಮೆ ಸ್ಕೂಟರ್ ಸವಾರನ ಕಣ್ಣಿನ ಎತ್ತರವೇ.

ಮರುದಿನವೇ ಎಲ್‌ಇಡಿ ಕಿತ್ತೆ. ಹೊಸ ಹ್ಯಾಲೊಜೆನ್ ಹಾಕೋಣ ಎಂದಾಗ ಗೆಳೆಯನೊಬ್ಬ "100/90 ವ್ಯಾಟ್‌ನದ್ದು ಹಾಕು, ರ‍್ಯಾಲಿಯವರೆಲ್ಲ ಅದನ್ನೇ ಹಾಕುವುದು" ಎಂದ. ಈ ಸಲ ಮೊದಲು ಲೆಕ್ಕ ಮಾಡಿದೆ. 55 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 4.6 ಆಂಪಿಯರ್, 90 ಆದರೆ 7.5. ಎರಡು ಲೈಟಿಗೆ 15 ಆಂಪಿಯರ್ ಎಳೆದರೆ ಕಂಪನಿ ಕೊಟ್ಟ ಸಪೂರ ವೈರು, ಸ್ವಿಚ್ಚು, ಹೋಲ್ಡರ್ ಬಿಸಿಯಾಗಿ ಕರಗುತ್ತವೆ. ರ‍್ಯಾಲಿಯವರು ಬೇರೆ ರಿಲೇ, ದಪ್ಪ ವೈರು ಎಳೆದಿರುತ್ತಾರೆ, ಅವರ ಎದುರಿನಿಂದ ಸ್ಕೂಟರೂ ಬರುವುದಿಲ್ಲ. ಗುರುವಾಯನಕೆರೆಯ ಅಂಗಡಿಯಲ್ಲಿ ಮಾಮೂಲಿ 60/55ರ ಒಂದು ಜೋಡಿ ತೆಗೆದುಕೊಂಡೆ. ಎರಡಕ್ಕೆ ಐನೂರರೊಳಗೆ ಆಯಿತು. ಒಂದು ಹಳತು ಒಂದು ಹೊಸತು ಇದ್ದರೆ ಬೆಳಕು ಸಮ ಬರುವುದಿಲ್ಲ, ಹಾಗಾಗಿ ಎರಡನ್ನೂ ಬದಲಿಸುವುದೇ ಒಳ್ಳೆಯದು.

ಹಾಕುವುದು ಕಷ್ಟವಲ್ಲ. ಲೈಟ್ ಆರಿಸಿ ಬಲ್ಬ್ ತಣ್ಣಗಾಗುವವರೆಗೆ ಕಾಯಬೇಕು. ಬಾನೆಟ್ ಎತ್ತಿ, ಲೈಟಿನ ಹಿಂದಿನ ಮೂರು ಪಿನ್ನಿನ ಕನೆಕ್ಟರ್ ಎಳೆದು, ರಬ್ಬರ್ ಟೋಪಿ ತೆಗೆದು, ತಂತಿಯ ಕ್ಲಿಪ್ ಒತ್ತಿ ಬಿಡಿಸಿದರೆ ಬಲ್ಬ್ ಕೈಗೆ ಬರುತ್ತದೆ. ಹೊಸದರ ಸುತ್ತ ಮೂರು ಕಿವಿಗಳಿವೆ, ಅಗಲದ್ದು ಮೇಲೆ. ಸರಿಯಾಗಿ ಹಿಡಿದರೆ ತಾನೇ ಕೂರುತ್ತದೆ, ಒತ್ತಾಯ ಮಾಡಬೇಕಾಗಿ ಬಂದರೆ ತಪ್ಪು ಹಿಡಿದಿದ್ದೀರಿ ಎಂದರ್ಥ. ಗಾಜನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. ತಲೆಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುವ ನಮ್ಮೂರಿನವರಿಗೆ ಇದನ್ನು ಎರಡು ಸಲ ಹೇಳಬೇಕು. ಬೆರಳಿನ ಎಣ್ಣೆ, ಬೆವರಿನ ಉಪ್ಪು ತಾಗಿದ ಜಾಗ ಉಳಿದ ಗಾಜಿಗಿಂತ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ ಹಚ್ಚಿದ ಶುದ್ಧ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟೆಲ್ಲ ಮಾಡಿ ಲೈಟ್ ಹಾಕಿದರೆ ಎಡಗಡೆಯದು ಮತ್ತೆ ಮಂಕು! ಹೊಸ ಬಲ್ಬ್, ಅದೇ ಮಂಕು.

ಕೊನೆಗೆ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಬಳಿ ಹೋದೆ. ಅವರು ಬಲ್ಬನ್ನು ನೋಡಲೇ ಇಲ್ಲ. "ಅರ್ತ್ ನೋಡಿದ್ದೀರಾ ಇಂಜಿನಿಯರ್ರೇ?" ಎಂದರು. ಇಂಜಿನ್ ಚಾಲೂ ಇಟ್ಟು, ಲೈಟ್ ಉರಿಯುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿ ಬಳಿ 13.8 ವೋಲ್ಟ್. ಎಡಗಡೆಯ ಬಲ್ಬಿನ ಬಳಿ 12.2. ನಡುವಿನ 1.6 ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು. ಬಾಡಿಗೆ ಬೋಲ್ಟ್ ಹಾಕಿದ್ದ ಅರ್ತ್ ವೈರಿನ ತುದಿ ನಮ್ಮ ಮಳೆಗೆ ತುಕ್ಕು ಹಿಡಿದು ಹಸಿರಾಗಿತ್ತು.

1.6 ವೋಲ್ಟ್ ದೊಡ್ಡ ವಿಷಯವೇ ಎಂದು ಕೇಳಬಹುದು. ತಂತಿ ಉರಿಯುವ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ನೂರಕ್ಕೆ ಹನ್ನೆರಡು ವೋಲ್ಟ್ ಕಮ್ಮಿಯಾದರೆ ಬೆಳಕಿನಲ್ಲಿ ಮೂರನೇ ಒಂದು ಪಾಲು ಮಾಯ. ಮನೆಗೆ ಬಂದು ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ ಸುಮ್ಮನೆ ಕುಳಿತೆ. ಕಿರ್ಚಾಫ್ ನಿಯಮ ಬರೆದು ಪಾಸಾದವನು ನಾನು. ಕಾರಿನ ಬಾನೆಟ್ ಕೆಳಗೂ ಅದೇ ನಿಯಮ ಇದೆ ಎಂದು ಹೊಳೆದಿರಲಿಲ್ಲ.

ಅಣ್ಣ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ತಿಕ್ಕಿ, ಹೊಸ ತುದಿ ಒತ್ತಿ, ಮೇಲೆ ಗ್ರೀಸ್ ಹಚ್ಚಿದರು. ನೂರೈವತ್ತು ರೂಪಾಯಿ. ಹಳೆಯ ಬಲ್ಬನ್ನು ಒಮ್ಮೆ ಸಿಕ್ಕಿಸಿ ನೋಡಿದೆ, ಅದೂ ಚೆನ್ನಾಗಿಯೇ ಉರಿಯಿತು. ಬಲ್ಬಿಗೆ ಏನೂ ಆಗಿರಲಿಲ್ಲ, ಮೊದಲ ದಿನದಿಂದಲೂ.

ಸಂಜೆ ಹಟ್ಟಿಯ ಗೋಡೆಗೆ ಐದು ಮೀಟರ್ ದೂರದಲ್ಲಿ, ಸಮತಟ್ಟು ಜಾಗ ನೋಡಿ ಕಾರು ನಿಲ್ಲಿಸಿದೆ. ಟಯರಿಗೆ ಗಾಳಿ ಸರಿ ಇತ್ತು, ಅಪ್ಪ ಡ್ರೈವರ್ ಸೀಟಿನಲ್ಲಿ ಕುಳಿತರು. ಬಲ್ಬಿನ ಎತ್ತರಕ್ಕೆ ಗೋಡೆಯಲ್ಲಿ ಚಾಕ್‌ಪೀಸಿನ ಗೆರೆ, ಅದರ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಬರಬೇಕು, ಎಡಬದಿಯಲ್ಲಿ ಮಾತ್ರ ರಸ್ತೆಬದಿ ಕಾಣಲೆಂದು ತುಸು ಮೇಲೇರಬೇಕು. ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಸರಿ ಮಾಡಿದೆ. ಆಮೇಲೆ ಹೋಲಿಸಲೆಂದು ಎಲ್‌ಇಡಿಯನ್ನೂ ಒಮ್ಮೆ ಹಾಕಿದೆ. ಗೋಡೆಯಲ್ಲಿ ಅಂಚೇ ಇಲ್ಲ, ಹಂಚಿನ ಮಾಡಿನವರೆಗೂ ಬಿಳಿ. ಅಪ್ಪ ಕಾರಿನಿಂದ ಇಳಿದು ನೋಡಿದರು. "ಹಾಗಾದರೆ ಡಿಮ್ ಹಾಕಿದ್ದು ಹೌದು ನೀನು" ಎಂದರು.

ಆ ಭಾನುವಾರ ಇಬ್ಬರೂ ಸ್ಕೂಟರಿನವರ ಮನೆಗೆ ಹೋದೆವು. ಕನ್ನಡಿ, ಇಂಡಿಕೇಟರಿನ ಖರ್ಚು ಕೊಡಲು ಹೋದರೆ ಅರ್ಧ ಮಾತ್ರ ತೆಗೆದುಕೊಂಡರು. ಚಹಾ ಕೊಟ್ಟರು. ಮೊಣಕೈಯ ಗಾಯ ಒಣಗಿರಲಿಲ್ಲ. "ಈಗ ರಾತ್ರಿ ಹೊರಡಲು ಇವಳು ಬಿಡುವುದಿಲ್ಲ" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಎಲ್‌ಇಡಿಯ ಡಬ್ಬ ಇನ್ನೂ ಕಪಾಟಿನ ಮೇಲಿದೆ. ಕ್ಲಾಸಿನವನೊಬ್ಬ ಅರ್ಧ ಬೆಲೆಗೆ ಕೇಳಿದ, ಕೊಡಲಿಲ್ಲ. ಹಟ್ಟಿಗೆ ಹಾಕಲು ಬರುತ್ತದಾ ಎಂದು ಅಮ್ಮ ಕೇಳಿದ್ದಾರೆ. ಹಳೆಯ ಬ್ಯಾಟರಿಯೊಂದು ಸಿಕ್ಕಿದರೆ ನೋಡಬೇಕು.