ಕಾರಿಗೆ ಯಾವ ಪೆಟ್ರೋಲು ಹಿತ?

ರಜೆ ಬಂದೊಡನೆ ಘಟ್ಟದ ಮೇಲಿನ ಕುಟುಂಬಗಳು ಕಾರಿನಲ್ಲಿ ಮುರ್ಡೇಶ್ವರಕ್ಕೆ ಹೊರಡುವುದು ಈಗ ವಾಡಿಕೆಯಾಗಿದೆ. ದೇವರ ದರ್ಶನ ಮುಗಿಸಿ, ಭಟ್ಕಳದ ಮಾವಿನಕುರ್ವೆಯ ಬಂದರನ್ನು ನೋಡಿ, ಮರಳಿ ಘಟ್ಟವೇರುವ ಮುನ್ನ ಹೆದ್ದಾರಿಯ ಬಂಕಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ‘ಸಾದಾ ಹಾಕಲೋ, ಪ್ರೀಮಿಯಂ ಹಾಕಲೋ?’ ಬೆಲೆ ಹೆಚ್ಚಿದ್ದರೆ ಸತ್ವವೂ ಹೆಚ್ಚಿರಬೇಕೆಂದು ನಂಬಿ ನಮ್ಮಲ್ಲಿ ಹಲವರು ದುಬಾರಿಯದನ್ನೇ ಆರಿಸುತ್ತೇವೆ. ಈ ನಂಬಿಕೆ ಎಷ್ಟು ಸರಿ?

ಸಂಖ್ಯೆಯ ಅರ್ಥ

ಆಕ್ಟೇನ್ ಸಂಖ್ಯೆಯು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ತಾಳಿಕೆಯ ಅಳತೆ. ಇಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಬಳಿಕ ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಆ ಜ್ವಾಲೆ ತಲುಪುವ ಮೊದಲೇ ಮಿಶ್ರಣದ ಒಂದು ಭಾಗ ಒತ್ತಡ ತಾಳದೆ ತಾನಾಗಿ ಸ್ಫೋಟಿಸಿದರೆ ಟಕಟಕ ಸದ್ದು ಕೇಳಿಸುತ್ತದೆ. ಇದೇ ‘ನಾಕಿಂಗ್’. ಇದು ಮುಂದುವರಿದರೆ ಪಿಸ್ಟನ್ನಿಗೆ ಹಾನಿ ತಪ್ಪದು. ಐಸೊ-ಆಕ್ಟೇನಿಗೆ 100, ಹೆಪ್ಟೇನಿಗೆ ಸೊನ್ನೆ ಎಂದು ಇಟ್ಟುಕೊಂಡು ಈ ತಾಳಿಕೆಯನ್ನು ಅಳೆಯುತ್ತಾರೆ.

ಹಿಂದೆ ಆಕ್ಟೇನ್ ಏರಿಸಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಮಕ್ಕಳ ಮಿದುಳಿಗೆ ವಿಷವೆಂಬುದು ದೃಢಪಟ್ಟಿತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. 2020ರ ಏಪ್ರಿಲ್ 1ರಂದು ದೇಶದಾದ್ಯಂತ ಬಂದ ಬಿಎಸ್-6 ಮಾನದಂಡ ಸಾದಾ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನನ್ನು ವಿಧಿಸಿತು. ಈಗ ಬೆರೆಸುತ್ತಿರುವ ಎಥನಾಲಿನ ಆಕ್ಟೇನ್ ಸಂಖ್ಯೆ 100ನ್ನೂ ಮೀರುತ್ತದೆ. ಬೆಳಗಾವಿ, ಬಾಗಲಕೋಟೆಗಳ ನಮ್ಮ ರೈತರ ಕಬ್ಬಿನಿಂದಲೂ ಅದು ತಯಾರಾಗುತ್ತದೆ.

ಆರಿಸುವ ಬಗೆ

ಕಾರಿನ ಕೈಪಿಡಿಯನ್ನೋ, ಪೆಟ್ರೋಲ್ ಮುಚ್ಚಳದ ಒಳಬದಿಯನ್ನೋ ನೋಡಿದರೆ ಬೇಕಾದ ಸಂಖ್ಯೆ ಸಿಗುತ್ತದೆ. 91 ಸಾಕೆಂದು ಬರೆದಿದ್ದರೆ ಸಾದಾ ಪೆಟ್ರೋಲೇ ಸಾಕು. ಹೆಚ್ಚಿನ ಆಕ್ಟೇನಿಗೆ ತೆತ್ತ ಹಣದಿಂದ ಗಮನಾರ್ಹ ಪಿಕಪ್ಪಾಗಲಿ ಮೈಲೇಜಾಗಲಿ ಬರುವುದಿಲ್ಲ. ಕೆಲವು ಟರ್ಬೊ ಇಂಜಿನ್ನುಗಳಿಗೆ ಮಾತ್ರ 95 ಅಥವಾ ಹೆಚ್ಚಿನದನ್ನು ಸೂಚಿಸಿರುತ್ತಾರೆ; ಅಲ್ಲಿ ಜಿಪುಣತನ ಸಲ್ಲದು.

ಇಂಧನದ ನಿಜವಾದ ಪರೀಕ್ಷೆ ಏರಿನಲ್ಲಿ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನೋ, ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟವನ್ನೋ ತುಂಬಿದ ಕಾರಿನಲ್ಲಿ ಏರುವಾಗ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಮೇಲೆ ಭಾರ ಬಿದ್ದು ನಾಕಿಂಗ್ ತೊಡಗಬಹುದು. ಮೊದಲು ಗೇರು ಇಳಿಸಿರಿ. ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್ ಬಳಿ ಪ್ಲಗ್ಗನ್ನೂ ಒಳಗೆ ಕಟ್ಟಿದ ಮಸಿಯನ್ನೂ ಪರೀಕ್ಷಿಸಿರಿ. ಹೊಸ ಕಾರುಗಳಲ್ಲಿ ನಾಕಿಂಗನ್ನು ಗುರುತಿಸುವ ಸೆನ್ಸರ್ ಕಿಡಿಯ ಸಮಯವನ್ನು ತಾನೇ ಹಿಂದೂಡುತ್ತದೆ; ಆಗ ಸದ್ದು ಅಡಗಿದರೂ ಎಳೆತ ತಗ್ಗುತ್ತದೆ.

ಹಳೆಯ ಕಾರುಳ್ಳವರಿಗೆ

ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾರುಗಳ ರಬ್ಬರ್ ಭಾಗಗಳು ಹೊಂದುವುವೇ ಎಂಬುದನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಪಾಲು ಶಕ್ತಿ ಮಾತ್ರ ಇರುವುದರಿಂದ ಮೈಲೇಜು ತುಸು ತಗ್ಗುವುದು ಸಹಜ. ದುಬಾರಿ ಪೆಟ್ರೋಲೆಂದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲವೆಂದು ತಿಳಿಯಬಾರದು. ಎಥನಾಲ್ ನೀರಿನಂಶವನ್ನು ಹೀರುತ್ತದೆ. ಆದುದರಿಂದ ಕರಾವಳಿಯ ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದೆ ಆಗಾಗ ಓಡಿಸುತ್ತಿರಬೇಕು.

ಕಾಯಕದಿಂದ ಬಂದ ಹಣದಲ್ಲಿ ದುಂದಿಗೆ ಎಡೆಯಿಲ್ಲವೆಂದು ನಂಬಿದವರು ನಾವು. ಬೇಡದ ಆಕ್ಟೇನಿಗೆ ಹಣ ತೆರುವುದು ದುಂದಾದರೆ, ಬೇಕಾದುದನ್ನು ಉಳಿಸಹೋಗಿ ಇಂಜಿನ್ ಕೆಡಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ. ಮುಂದಿನ ಪ್ರವಾಸಕ್ಕೆ ಮೊದಲು ಮನೆಮಂದಿಯೆಲ್ಲ ಕುಳಿತು ಕಾರಿನ ಕೈಪಿಡಿಯನ್ನೊಮ್ಮೆ ತೆರೆದು ಓದೋಣ.