ಬುದ್ಧಿ ಹೇಳುವುದಲ್ಲ, ಪ್ರಶ್ನೆ ಕೇಳುವುದು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೀವು ಮನೆಯಲ್ಲಿ ಕೇಳಿರುತ್ತೀರಿ. ಆದರೆ ಬೆಳಗಾದರೂ ಮುಗಿಯದ ಜಗಳಗಳುಂಟು. ಅಂಥವರಿಗೆ ನೆರವಾಗುವ ಆಪ್ತಸಲಹೆಗಾರರು ಇಂದು ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿ.ಬಿ.ಟಿ.ಯಲ್ಲೂ ತರಬೇತಿ ಪಡೆಯುತ್ತಾರೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ರೂಪಿಸಿದ ವಿಧಾನವನ್ನು 1988ರ ‘ಲವ್ ಈಸ್ ನೆವರ್ ಎನಫ್’ ಪುಸ್ತಕದಲ್ಲಿ ದಾಂಪತ್ಯಕ್ಕೂ ಅನ್ವಯಿಸಿದರು.

ಮುಂಬಯಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಲೋಕಲ್ ತಪ್ಪಿ ಗಂಡ ತಡವಾಗಿ ಬರುತ್ತಾನೆ. ‘ಇವರಿಗೆ ನನ್ನ ಮೇಲೆ ಅಕ್ಕರೆಯೇ ಇಲ್ಲ’ ಎಂದು ಹೆಂಡತಿಗೆ ಅನಿಸುತ್ತದೆ. ಸಿಟ್ಟು ಏರುವುದು ಬರೀ ತಡವಾದದ್ದಕ್ಕಲ್ಲ, ನಡುವೆ ಹೊಳೆದ ಆ ಯೋಚನೆಯಿಂದ. ‘ಇದಕ್ಕೆ ಆಧಾರವೇನು? ಬೇರೆ ಕಾರಣ ಇರಬಹುದೇ?’ ಎಂದು ಕೇಳಿ, ಅವರೇ ಪರೀಕ್ಷಿಸುವಂತೆ ಮಾಡುವುದು ಸಲಹೆಗಾರರ ವಿದ್ಯೆ. ಯೋಚನೆ ನಿಜವೇ ಆಗಿದ್ದರೆ ಸಮಸ್ಯೆಗೇ ಪರಿಹಾರ ಹುಡುಕಬೇಕು. ಹೊಡೆತ ಬಡಿತವಿದ್ದರೆ ಮೊದಲು ರಕ್ಷಣೆ, ಆಮೇಲೆ ಮಾತು.

ಉಪನ್ಯಾಸ ಕೇಳಿದರಷ್ಟೇ ಇದು ಬಾರದು. ಕಲಿಯುವವರು ಗಂಡ, ಹೆಂಡತಿ, ಸಲಹೆಗಾರರಾಗಿ ಅಭಿನಯಿಸಿ ಅಭ್ಯಾಸ ಮಾಡುತ್ತಾರೆ. ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸುತ್ತಾರೆ. ಹಿರಿಯರು ಅದನ್ನು ಕೇಳಿ ತಿದ್ದುತ್ತಾರೆ. ಅರಿವಿನ ಚಿಕಿತ್ಸಕರಿಗಾಗಿ 1980ರಲ್ಲಿ ಬಂದ ಅಳತೆಪಟ್ಟಿಯಲ್ಲಿ 11 ಅಂಶಗಳು, ಒಂದೊಂದಕ್ಕೂ 6ರಂತೆ 66 ಅಂಕ. ಸಾಮಾನ್ಯವಾಗಿ 40 ಬಂದರೆ ತೇರ್ಗಡೆ. ಎದುರಿಗಿರುವವರನ್ನು ಅರ್ಥಮಾಡಿಕೊಳ್ಳುವುದಕ್ಕೂ ಅದರಲ್ಲಿ ಅಂಕವಿದೆ.

ನಿಮ್ಮಲ್ಲಿ ಮನಶ್ಶಾಸ್ತ್ರ ಓದುವವರಿದ್ದೀರಾ? ಹಾಗಾದರೆ ಮನೆಯ ಕನ್ನಡವನ್ನು ಬಿಡಬೇಡಿ. ಆಫೀಸಿನಲ್ಲಿ ಯಾವ ಭಾಷೆಯಾಡಿದರೂ, ನೊಂದಾಗ ಅನೇಕರ ಬಾಯಿಗೆ ಬರುವುದು ತಾಯ್ನುಡಿಯೇ. ಅದನ್ನು ಕೇಳಿಸಿಕೊಳ್ಳುವ ಕಿವಿ ನಿಮ್ಮದಾಗಲಿ.